ಅಗಸಿಯ ವೀರಗಲ್ಲಿನಿಂದ ಮಡಿಕೇರಿಯ ಸನ್ನಿಸೈಡ್‌ವರೆಗೆ

1858ರ ಜೂನ್ ತಿಂಗಳ ಮೊದಲ ದಿನಗಳಲ್ಲಿ ನರಗುಂದ ಇಂಗ್ಲಿಷರ ಕೈಗೆ ಬಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಗಿತ್ತು. ಅವನ ರುಂಡ ನರಗುಂದದ ಅಗಸಿಯಲ್ಲಿ ತೂಗಿತ್ತು. ಕೆಲವೇ ದಿನಗಳಲ್ಲಿ ಕರ್ನಲ್ ಮಾಲ್ಕಮ್‌ನ ಪಡೆ ಬಂದು ಊರನ್ನೂ ಗುಡ್ಡದ ಮೇಲಿನ ಕೋಟೆಯನ್ನೂ ಹಿಡಿಯಿತು. ಬಾಬಾಸಾಹೇಬ ಎಂದೇ ಜನ ಕರೆಯುತ್ತಿದ್ದ ದೊರೆ ಭಾಸ್ಕರರಾವ್ ಭಾವೆ ಸೆರೆಸಿಕ್ಕರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಅವರ ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ದೊರೆ ಓದುಬಲ್ಲವರು, ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಸಿಟ್ಟವರು. ಆ ಗ್ರಂಥಭಂಡಾರವೂ ಆ ಗದ್ದಲದಲ್ಲಿ ಹಾಳಾಯಿತು.

ಇಷ್ಟೆಲ್ಲ ಇಂದು ಗೊತ್ತಿರುವುದು ಗೆದ್ದವರು ಬರೆದಿಟ್ಟದ್ದರಿಂದ. ಆಗ ದಕ್ಷಿಣ ಮರಾಠಾ ಸೀಮೆಯ ಉಸ್ತುವಾರಿ ಹೊತ್ತಿದ್ದ ಜಾರ್ಜ್ ಲೆ ಗ್ರಾಂಡ್ ಜೇಕಬ್ ತನ್ನ ಅನುಭವವನ್ನು 1871ರಲ್ಲಿ ಪುಸ್ತಕವಾಗಿಯೇ ತಂದ. ಆದರೆ ಬಾಬಾಸಾಹೇಬರ ಮಾತಿಗೆ ಕತ್ತಿ ಹಿರಿದ ಸಿಪಾಯಿಗಳು ಯಾರ ಮನೆಯವರು, ಯಾವ ಓಣಿಯವರು, ಬದುಕಿ ಉಳಿದವರು ಮುಂದೆ ಏನು ಮಾಡಿದರು ಎಂದು ಕೇಳಿ ಬರೆದುಕೊಳ್ಳುವ ಕಚೇರಿ ಅಂದು ಇರಲಿಲ್ಲ. ಹಾಡುವವರು ಮಾತ್ರ ಇದ್ದರು. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲೊಲ್ಲದೆ ಕಾದಾಡಿದ ಹಲಗಲಿಯ ಬೇಡರ ಕಥೆಯನ್ನು ಲಾವಣಿಕಾರರು ಊರೂರಿಗೆ ಒಯ್ದರು. ಶಾಸನತಜ್ಞ ಜೆ.ಎಫ್. ಫ್ಲೀಟ್ ಅದನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಸಾಮಾನ್ಯ ಹೋರಾಟಗಾರನ ಹೆಸರು ಕಾಗದಕ್ಕೆ ಬಂದದ್ದು ಹೀಗೆ, ಹಾಡಿನ ಬಾಯಿಯಿಂದ.

ಗಜೇಂದ್ರಗಡದ ಮಾತೂ ಬೇರೆಯಲ್ಲ. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದಕ್ಕೆ ಮುತ್ತಿಗೆ ಹಾಕಿ ವೆಂಕಟರಾವ್ ಭಾವೆಯನ್ನು ಸೆರೆ ಒಯ್ದಿತು. ಅದರ ಬೆನ್ನಿಗೇ ಹೊತ್ತಿಕೊಂಡ ಮರಾಠಾ-ಮೈಸೂರು ಯುದ್ಧ ಮುಗಿದದ್ದು 1787ರ ಗಜೇಂದ್ರಗಡದ ಒಪ್ಪಂದದಿಂದ. ಶಾಲೆಯ ಪುಸ್ತಕದಲ್ಲಿ ಪೇಶ್ವೆ, ನಿಜಾಮ, ಸುಲ್ತಾನರ ಹೆಸರುಗಳಿವೆ. ಆ ಎರಡು ವರ್ಷ ಈ ಎರೆಹೊಲಗಳಲ್ಲಿ ಸತ್ತವರ, ಕೈಕಾಲು ಕಳೆದುಕೊಂಡು ಮನೆಗೆ ಮರಳಿದವರ ಹೆಸರುಗಳಿಲ್ಲ.

ಇದಕ್ಕಿಂತ ಏಳೆಂಟು ನೂರು ವರ್ಷ ಹಿಂದಿನ ಜನ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದರು ಎಂಬುದೇ ಬೆರಗು.

ದ್ರೋಣಾಚಾರ್ಯರ ಹೆಸರನ್ನು ಹೊತ್ತ ಐತಿಹ್ಯವಿರುವ ರೋಣದಿಂದ ಗಜೇಂದ್ರಗಡದ ಕಡೆ ಹೊರಟರೆ ಸೂಡಿ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಶಾಸನಗಳು ಅಲ್ಲಿವೆ. ರಣಭೈರವಿ ಎಂದು ಬಿರುದು ಪಡೆದ ಈ ರಾಜಪುತ್ರಿ 1047ರ ಹೊತ್ತಿಗೆ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು. ಅವಳು ರಾಜಮನೆತನದವಳು, ಶಾಸನ ಸಿಕ್ಕೀತು. ಆದರೆ ವೀರಗಲ್ಲು ರಾಜಮನೆತನವನ್ನು ಕೇಳುವುದಿಲ್ಲ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೂ, ಊರಳಿವಿನಲ್ಲಿ ಬಿದ್ದವನಿಗೂ, ಹೆಣ್ಣುಮಕ್ಕಳ ಮಾನ ಕಾಯಲು ನಿಂತವನಿಗೂ ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಸನ್ನಿಧಿ, ತುದಿಗೆ ಸೂರ್ಯಚಂದ್ರರು. ಸತ್ತವನ ಮನೆಯವರಿಗೆ ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂದು ಭೂಮಿ ಬಿಟ್ಟುಕೊಟ್ಟರು, ಅದನ್ನೂ ಕಲ್ಲಿನಲ್ಲೇ ಕೆತ್ತಿಸಿದರು. ಯೋಧನ ಹೆಸರು, ಅವನು ಮಾಡಿದ ಕೆಲಸ, ಅವನ ಮನೆಯವರಿಗೆ ಊರು ತೋರಿದ ಋಣ ಮೂರೂ ಒಂದೇ ಕಡೆ. ಇಂದಿನ ಸೈನಿಕ ವಸ್ತುಸಂಗ್ರಹಾಲಯಗಳು ಮಾಡಬೇಕಾದ ಕೆಲಸದ ಪೂರ್ಣ ಮಾದರಿ ಇದು.

ಈ ರೂಢಿ ಪೂರ್ತಿ ಸತ್ತಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ರೈತನಿಗೆ ನರಗುಂದದಲ್ಲಿ ನಿಂತದ್ದು ವೀರಗಲ್ಲೇ. ಪ್ರತಿ ವರ್ಷ ಆ ದಿನ ರೈತರು ಅಲ್ಲಿ ಸೇರಿ ಮಾಲೆ ಹಾಕುತ್ತಾರೆ. ಸತ್ತ ರೈತ ಸೈನಿಕನಲ್ಲ, ನಿಜ. ಆದರೆ ನೆನೆಯಬೇಕಾದವರನ್ನು ಕಲ್ಲಿನಲ್ಲಿ ನೆನೆಯುವ ಪದ್ಧತಿ ಈ ಸೀಮೆಯವರ ಕೈಯಲ್ಲಿ ಇನ್ನೂ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಲ್ಲುಗಳು ಊರಿನಿಂದ ಸಂಗ್ರಹಾಲಯಕ್ಕೆ ಬಂದ ಕಥೆ ಬೆಂಗಳೂರಿನಲ್ಲಿ ಕಾಣುತ್ತದೆ. 1865ರಲ್ಲಿ ಆರಂಭವಾದ, ಕಬ್ಬನ್ ಪಾರ್ಕಿಗೆ ಹೊಂದಿಕೊಂಡಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಗಂಗರ ಕಾಲದ ಎರಡು ದೊಡ್ಡ ಕಲ್ಲುಗಳಿವೆ. ಒಂದು ಬೇಗೂರಿನದು. ತುಂಬೆಪಾಡಿಯ ಕಾಳಗದಲ್ಲಿ ಆನೆಗಳ ಎದುರು ನಿಂತು ಸತ್ತ ನಾಗತ್ತರ ಅದರಲ್ಲಿದ್ದಾನೆ. ಅವನ ತರುವಾಯ ಇರುಗನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟದ್ದನ್ನು ಊರುಗಳ ಹೆಸರು ಸಮೇತ ಬರೆದಿದ್ದಾರೆ. ಇನ್ನೊಂದು 949-50ರ ಆತಕೂರಿನ ಕಲ್ಲು. ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗ ಬೂತುಗ ತನ್ನ ಭಟ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತಂಥ ದೊಡ್ಡ ಸುದ್ದಿ ಈ ಕಲ್ಲಿನಲ್ಲಿ ಸಿಗುವುದು ಒಬ್ಬ ಭಟನ, ಒಂದು ನಾಯಿಯ ಪ್ರೀತಿಯ ನೆಪದಿಂದ. 1982ರಲ್ಲಿ ಎಸ್. ಶೆಟ್ಟರ್ ಮತ್ತು ಗುಂಟರ್ ಸೊಂಥೈಮರ್ ಸೇರಿ ಧಾರವಾಡದಿಂದ ಸ್ಮಾರಕಶಿಲೆಗಳ ಕುರಿತು ತಂದ ದೊಡ್ಡ ಗ್ರಂಥ ಈ ಕಲ್ಲುಗಳತ್ತ ಜಗತ್ತಿನ ವಿದ್ವಾಂಸರ ಕಣ್ಣು ಹೊರಳಿಸಿತು.

ಆಧುನಿಕ ಸೇನೆಯ ಕಥೆ ಕಾಯುವ ಕೆಲಸ ಮೊದಲು ಶುರುವಾದದ್ದು ರೆಜಿಮೆಂಟುಗಳಲ್ಲಿ. ನರಗುಂದ, ರೋಣದ ಹುಡುಗರು ಭರ್ತಿಗೆಂದು ಹೋಗುವ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಇದೆ. 1768ರಲ್ಲಿ ಹುಟ್ಟಿದ ಈ ದಳ ತನ್ನದೇ ಸಂಗ್ರಹಾಲಯ ಇಟ್ಟುಕೊಂಡಿದೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ಈ ದಳದ ಇಬ್ಬರು ವಿಕ್ಟೋರಿಯಾ ಕ್ರಾಸ್ ಪಡೆದರು. ಯಶವಂತ ಘಾಡ್ಗೆ 1944ರ ಜುಲೈನಲ್ಲಿ ಅಲ್ಲೇ ಪ್ರಾಣ ಬಿಟ್ಟರು. 1945ರ ಏಪ್ರಿಲಿನಲ್ಲಿ ಸೆನಿಯೋ ನದಿಯ ದಂಡೆಯಲ್ಲಿ ಗಾಯಾಳುಗಳನ್ನು ಹೊತ್ತು ತಂದ ನಾಮದೇವ ಜಾಧವ್ ಬದುಕಿ ಬಂದು 1984ರವರೆಗೆ ಇದ್ದರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದ್ದೂ ಹೀಗೆಯೇ ತುಂಬಿದ ಮನೆ. 1780ರಲ್ಲಿ ಕಟ್ಟಿದ ಪಡೆ ಅದು. ಜಗತ್ತಿನ ಸೇನೆಗಳೆಲ್ಲ ಬಳಸಿದ 'ಬೆಂಗಳೂರು ಟಾರ್ಪಿಡೊ' ಎಂಬ ಸ್ಫೋಟಕ ಕೊಳವೆಯನ್ನು 1912ರಲ್ಲಿ ರೂಪಿಸಿದವರು ಅವರೇ. 1944ರಲ್ಲಿ ಇಟಲಿಯ ಮಿನ್ಯಾನೋದಲ್ಲಿ ಜೊತೆಗಾರರನ್ನು ಉಳಿಸಲು ನೆಲಬಾಂಬಿನ ಮೇಲೆ ಮೈಚೆಲ್ಲಿ ಜಾರ್ಜ್ ಕ್ರಾಸ್ ಪಡೆದ ಸುಬೇದಾರ್ ಸುಬ್ರಮಣ್ಯಂ ಅದೇ ಪಡೆಯವರು.

ಈ ಸಂಗ್ರಹಾಲಯಗಳ ಬಲ ಅವುಗಳ ಶಿಸ್ತು. ರೆಜಿಮೆಂಟಿನ ಪತಾಕೆ, ಬ್ಯಾಂಡಿನ ವಾದ್ಯ, ಶತ್ರುವಿನಿಂದ ಕಸಿದ ಕೋವಿ ಎಲ್ಲಕ್ಕೂ ದಿನಾಂಕ ಇರುತ್ತದೆ. ಕೊರತೆಯೂ ಆ ಶಿಸ್ತಿನಲ್ಲೇ ಇದೆ. ಕಂಟೋನ್ಮೆಂಟಿನ ಒಳಗಿರುವ ಮನೆ ಮುಖ್ಯವಾಗಿ ಹೊಸ ರಂಗರೂಟನಿಗೆ ಪಡೆಯ ಹೆಮ್ಮೆ ಕಲಿಸಲೆಂದು ಇರುವುದು. ಅಲ್ಲಿ ಪಡೆ ಮಾತಾಡುತ್ತದೆ. ಹವಾಲ್ದಾರನ ಹೆಂಡತಿ, ಅವನ ಊರು, ರಜೆ ಮುಗಿಸಿ ಗದಗಿನಲ್ಲಿ ರೈಲು ಹತ್ತಿದ ದಿನದ ಸಂಕಟ ಆ ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.

ಸಾರ್ವಜನಿಕರ ಕೈಗೆ ಸಿಗುವಂಥ ಸೈನಿಕ ಸಂಗ್ರಹಾಲಯಗಳು ಕರ್ನಾಟಕದಲ್ಲಿ ತಡವಾಗಿ ಬಂದವು. ಕಾರವಾರದ ಕಡಲದಂಡೆಯಲ್ಲಿ 2006ರಲ್ಲಿ ತೆರೆದ ಐಎನ್‌ಎಸ್ ಚಪಲ್ ಅವುಗಳಲ್ಲಿ ಒಂದು. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ಈ ಕ್ಷಿಪಣಿ ದೋಣಿಯ ಒಳಗೆ ಜನ ಹತ್ತಿ ಇಳಿದು, ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಬದುಕಿದ್ದರು ಎಂದು ಕಣ್ಣಾರೆ ನೋಡಬಹುದು. ಅದರ ಬಳಿಯೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. 1918ರಲ್ಲಿ ಹುಟ್ಟಿದ, ಕಾರವಾರದ ಚೆಂಡಿಯಾ ಮೂಲದ ರಾಣೆ 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ, ತೊಡೆಗೆ ಗಾಯವಾಗಿದ್ದರೂ, ಟ್ಯಾಂಕುಗಳ ಮುಂದೆ ನೆಲಬಾಂಬು ತೆಗೆಯುತ್ತ, ಕಡಿದು ಅಡ್ಡ ಕೆಡವಿದ ಮರ ಸರಿಸುತ್ತ ಸಾಗಿದವರು. ಪರಮವೀರ ಚಕ್ರವನ್ನು ಜೀವಂತವಾಗಿ ಪಡೆದ ಕೆಲವೇ ಮಂದಿಯಲ್ಲಿ ಒಬ್ಬರು. ಅವರು ಹುಟ್ಟಿದಾಗ ಕಾರವಾರವೂ ನರಗುಂದ-ರೋಣಗಳೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಈ ಸೀಮೆಯ ಮಕ್ಕಳಿಗೆ ರಾಣೆ ಪರಕೀಯರಲ್ಲ. ಆದರೂ ಎಷ್ಟು ಶಾಲೆಗಳಲ್ಲಿ ಅವರ ಹೆಸರು ಕೇಳಿಬರುತ್ತದೆ?

ಮಡಿಕೇರಿಯ ಕಥೆಯನ್ನು ನಿಂತು ನೋಡಬೇಕು. ಯೋಧರ ಬದುಕನ್ನು ಜನರಿಗೆ ಒಪ್ಪಿಸುವ ಮನೆಯನ್ನು ಕಟ್ಟಲು ಏನೆಲ್ಲ ಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

'ಸನ್ನಿಸೈಡ್' ಮಡಿಕೇರಿಯ ಹಳೆಯ ಬಂಗಲೆ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿ ಆಡಿದ ಮನೆ. 1906ರಲ್ಲಿ ಹುಟ್ಟಿದ ತಿಮ್ಮಯ್ಯ 1926ರಲ್ಲಿ ಸ್ಯಾಂಡ್‌ಹರ್ಸ್ಟಿನಿಂದ ಅಧಿಕಾರಿಯಾಗಿ ಹೊರಬಂದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನಿನಲ್ಲಿ ಹೋರಾಡಿ, ರಣರಂಗದಲ್ಲಿ ಬ್ರಿಗೇಡನ್ನು ಮುನ್ನಡೆಸಿದ ಏಕೈಕ ಭಾರತೀಯರೆನಿಸಿದರು. ಅದೇ ಯುದ್ಧದಲ್ಲಿ ಅವರ ಅಣ್ಣ ಪೊನ್ನಪ್ಪ ಸಿಂಗಾಪುರದಲ್ಲಿ ಜಪಾನೀಯರ ಕೈಗೆ ಸಿಕ್ಕು ಮುಂದೆ ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ಮನೆಯ ಇಬ್ಬರು ಎದುರುಬದುರು ಪಕ್ಷದಲ್ಲಿದ್ದ ಕಾಲ ಅದು. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಲಡಾಖಿನ ದಾರಿ ತೆರೆದವರು ತಿಮ್ಮಯ್ಯ. ಕೊರಿಯಾ ಯುದ್ಧದ ಬಳಿಕ ಸೆರೆಯಾಳುಗಳನ್ನು ಅವರವರ ಇಚ್ಛೆಯಂತೆ ಕಳುಹಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥನ ಹೊಣೆ, ಕೊನೆಗೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕತ್ವ. 1965ರ ಡಿಸೆಂಬರ್ 18ರಂದು ಕೆಲಸದಲ್ಲಿದ್ದಾಗಲೇ ಅವರು ಸೈಪ್ರಸ್‌ನಲ್ಲಿ ತೀರಿಕೊಂಡರು. ಆ ಪುಟ್ಟ ದೇಶ ಮರುವರ್ಷ ಅವರ ಚಿತ್ರದ ಅಂಚೆಚೀಟಿ ತಂದಿತು.

ಇಂಥವರ ಮನೆಯಲ್ಲಿ ವರ್ಷಗಟ್ಟಲೆ ಪ್ರಾದೇಶಿಕ ಸಾರಿಗೆ ಕಚೇರಿ ನಡೆಯಿತು. ವಾಹನದ ಕಾಗದ, ಲೈಸೆನ್ಸುಗಳಿಗಾಗಿ ಬಂದವರಲ್ಲಿ ಅದು ಯಾರ ಮನೆ ಎಂದು ಬಲ್ಲವರು ಎಷ್ಟು ಮಂದಿಯೋ. ಅದನ್ನು ಬಿಡಿಸಿಕೊಳ್ಳಲು ನಿಂತವರು ಕೊಡಗಿನ ನಿವೃತ್ತ ಸೈನಿಕರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಕಟ್ಟಿಕೊಂಡು ಅರ್ಜಿ ಹಿಡಿದು ತಿರುಗಿದರು. ಸರ್ಕಾರ ಕೊನೆಗೆ ಕಟ್ಟಡವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ವಹಿಸಿತು. ಹಳೆಯ ಮನೆಯ ಆಕಾರ ಕೆಡದ ಹಾಗೆ ದುರಸ್ತಿ ನಡೆಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಸಂಗ್ರಹಾಲಯವನ್ನು ಉದ್ಘಾಟಿಸಿದರು. ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅಂದು ಅಲ್ಲಿದ್ದರು.

ಆವರಣದಲ್ಲಿ ಯುದ್ಧಸ್ಮಾರಕ, ಟ್ಯಾಂಕು, ಮಿಗ್ ವಿಮಾನ ಇವೆ. ಮಕ್ಕಳು ಮೊದಲು ಓಡುವುದು ಅವುಗಳ ಕಡೆಗೇ. ಆದರೆ ಆ ಮನೆಯ ನಿಜವಾದ ಬಲ ಕೋಣೆಗಳಲ್ಲಿದೆ. ಒಬ್ಬ ಮನುಷ್ಯನ ಬಾಲ್ಯ, ಓದು, ಸೇನೆ, ಪರದೇಶದ ಹೊಣೆ ಎಲ್ಲವನ್ನೂ ಕೋಣೆಯಿಂದ ಕೋಣೆಗೆ ನಡೆಯುತ್ತಲೇ ನೋಡುವಂತೆ ಜೋಡಿಸಿದ್ದಾರೆ. ಅವರು ಓಡಾಡಿದ ನೆಲದ ಮೇಲೆಯೇ ಅವರ ಕಥೆ ಸಿಗುತ್ತದೆ. ಹೊಸ ಕಟ್ಟಡ ಎಬ್ಬಿಸಿದ್ದರೆ ಈ ಗುಣ ಬರುತ್ತಿರಲಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ತಿಮ್ಮಯ್ಯನವರು ಬದುಕಿರುವಾಗಲೇ, 1960ರಲ್ಲಿ, ಹಂಫ್ರಿ ಇವಾನ್ಸ್ ಅವರ ಜೀವನಚರಿತ್ರೆ ಬರೆದಿದ್ದರು. ಫೋಟೊಗಳಿದ್ದವು, ಪತ್ರಗಳಿದ್ದವು, ಪತ್ರಿಕೆಗಳ ವರದಿಗಳಿದ್ದವು. ದಂಡನಾಯಕನ ಕಥೆಗೆ ಸಾಮಗ್ರಿ ತಾನಾಗಿ ಕೂಡಿಬರುತ್ತದೆ. ಸಾಮಾನ್ಯ ಜವಾನನ ಕಥೆಗೆ ಹಾಗಲ್ಲ. ಜೋಜಿಲಾದ ದಾರಿಯನ್ನೇ ನೋಡಿ: ಟ್ಯಾಂಕು ಹತ್ತಬೇಕಾದರೆ ಕತ್ತೆದಾರಿಯನ್ನು ಅಗಲ ಮಾಡಬೇಕಿತ್ತು. ಆ ಕೊರೆಯುವ ಚಳಿಯಲ್ಲಿ ಬಂಡೆ ಒಡೆದು ರಸ್ತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್‌ನ ಜವಾನರು. ಹಾರೆ ಗುದ್ದಲಿ ಹಿಡಿದ ಆ ದಕ್ಷಿಣದ ಹುಡುಗರಲ್ಲಿ ಒಬ್ಬೊಬ್ಬನದೂ ಒಂದು ಊರು, ಒಂದು ಮನೆ. ಅವರ ಕಥೆಗಳನ್ನು ಯಾರಾದರೂ ಹುಡುಕಿಕೊಂಡು ಹೋದರೆ ಮಾತ್ರ ಸಿಗುತ್ತವೆ.

ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರಕರಣ ಇದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಅವರು ಮರಳಲಿಲ್ಲ. ದಾಖಲೆಯಲ್ಲಿ ಕಾಣೆಯಾದವರಾಗಿ ಉಳಿದರು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಬರೆದ ಪುಸ್ತಕದಲ್ಲಿ, ಹಳೆಯ ಮಿಸ್ಟೇರ್ ವಿಮಾನವೊಂದು ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಕೆಡವಿದ ವಿವರ ಬಂತು. ದಿನ, ಜಾಗ, ವಿಮಾನಗಳನ್ನು ತಾಳೆ ನೋಡಿದಾಗ ಆ ಪೈಲಟ್ ದೇವಯ್ಯನವರೇ ಎಂದು ಖಚಿತವಾಯಿತು. 23 ವರ್ಷ ಕಳೆದು 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು, ಅವರ ಪತ್ನಿ ಅದನ್ನು ಸ್ವೀಕರಿಸಿದರು. ಶತ್ರುಪಕ್ಷದ ಬರಹದೊಳಗೆ ಹೂತುಹೋಗಿದ್ದ ಕೆಲವು ಸಾಲುಗಳು ಒಬ್ಬ ಯೋಧನಿಗೆ ಸಲ್ಲಬೇಕಾದ ಗೌರವವನ್ನು ತಂದುಕೊಟ್ಟವು.

ನರಗುಂದದ ಸೀಮೆಗೆ ಹತ್ತಿರದ ಇನ್ನೊಂದು ಹೆಸರು ಎಲ್ಲರಿಗೂ ಗೊತ್ತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಕುಸಿದ ಹಿಮದಡಿ ಸಿಕ್ಕಿದರು. ಆರು ದಿನ ಕಳೆದ ಮೇಲೆ ಜೀವಂತವಾಗಿ ಸಿಕ್ಕಾಗ ನಾಡೇ ಉಸಿರು ಹಿಡಿದು ಕಾಯಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಮನೆಮನೆಯಲ್ಲಿ ದೀಪ ಹಚ್ಚಿ ಹರಕೆ ಹೊತ್ತ ಆ ದಿನಗಳನ್ನು ಈ ಭಾಗದವರು ಮರೆತಿಲ್ಲ.

ಇಂಥ ಸಾವುಗಳಿಗೆ ಸ್ಮಾರಕಗಳಿವೆ, ಇರಬೇಕು. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧಸ್ಮಾರಕದ ತ್ಯಾಗಚಕ್ರದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಬೆಂಗಳೂರಿನ ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲೆಯನ್ನು ನಿಲ್ಲಿಸಿ ಅದನ್ನು ವೀರಗಲ್ಲು ಎಂದೇ ಕರೆದಿದ್ದಾರೆ. ಧಾರವಾಡದಲ್ಲಿ ಕಾರ್ಗಿಲ್ ಸ್ತೂಪ ಇದೆ. ಆದರೆ ಸ್ಮಾರಕದ ಕಲ್ಲು ಹಿಡಿಯುವುದು ಪ್ರಾಣ ಕೊಟ್ಟವರ ಹೆಸರನ್ನು. ಹದಿನೈದು, ಇಪ್ಪತ್ತು ವರ್ಷ ಸೇವೆ ಮಾಡಿ ಟ್ರಂಕು ಹೊತ್ತು ಮರಳಿ ಬಂದು, ಬ್ಯಾಂಕಿನಲ್ಲೋ ಶಾಲೆಯಲ್ಲೋ ಕಾವಲು ಕೆಲಸ ಹಿಡಿದು, ಹೊಲ ನೋಡಿಕೊಂಡು ಮುಪ್ಪಾದ ಮಾಜಿ ಸೈನಿಕನ ಕಥೆಗೆ ಅಲ್ಲಿ ಜಾಗವಿಲ್ಲ. ಓಣಿಯವರೆಲ್ಲ 'ಮಿಲಿಟ್ರಿ ಅಜ್ಜ' ಎಂದು ಕರೆಯುವ ಅವರನ್ನು ಕೂರಿಸಿ, ನೀವು ಎಲ್ಲಿದ್ದಿರಿ, ಏನು ಕಂಡಿರಿ ಎಂದು ಕೇಳುವ ಕೆಲಸ ಸಂಗ್ರಹಾಲಯಕ್ಕೇ ಸೇರಿದ್ದು. ಅದಕ್ಕೆ ಹೊತ್ತು ಮೀರುತ್ತಿದೆ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಇದ್ದು ಬಂದವರು ಆ ದಿನಗಳ ಬಗ್ಗೆ ಮನೆಯವರ ಮುಂದೆಯೂ ಬಾಯಿ ಬಿಚ್ಚುವುದು ಕಡಿಮೆ.

ಬೇರೆ ದೇಶಗಳು ಇದಕ್ಕೆ ದಾರಿ ಹುಡುಕಿಕೊಂಡಿವೆ. ಅಮೆರಿಕದ ಸಂಸತ್ತು 2000ದಲ್ಲಿ ಕಾನೂನು ಮಾಡಿ ತನ್ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಮಾಜಿ ಸೈನಿಕರ ಕಥೆ ಕೂಡಿಸುವ ಹೊಣೆ ಒಪ್ಪಿಸಿತು. ದೊಡ್ಡ ವಿದ್ವಾಂಸರೇ ಬರಬೇಕೆಂದಿಲ್ಲ, ಮನೆಯವರೂ ಹೈಸ್ಕೂಲು ಮಕ್ಕಳೂ ಸಂದರ್ಶನ ಮಾಡಬಹುದು. ಕನಿಷ್ಠ 30 ನಿಮಿಷ ಇರಬೇಕು, ಕತ್ತರಿಸಿ ಅಂಟಿಸಬಾರದು ಎಂಬುದು ಮುಖ್ಯ ಷರತ್ತು. ಒಂದು ಲಕ್ಷಕ್ಕೂ ಮಿಕ್ಕ ಯೋಧರ ದಾಖಲೆ ಅಲ್ಲಿ ಕೂಡಿದೆ. ನಮ್ಮ ಉಪಖಂಡದ್ದೇ ಇನ್ನೊಂದು ಉದಾಹರಣೆ ಲಾಹೋರಿನದು. ಮೊದಲ ಮಹಾಯುದ್ಧ ಮುಗಿದಾಗ ಪಂಜಾಬಿನ ಆಡಳಿತ ಊರೂರಿನಿಂದ ಸೇನೆಗೆ ಹೋದವರ ಹೆಸರು ಬರೆಸಿತ್ತು. 26 ಸಾವಿರ ಪುಟಗಳ ಆ ಕಡತಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಸುಮ್ಮನೆ ಬಿದ್ದಿದ್ದವು. ಬ್ರಿಟನ್ನಿನ ಪಂಜಾಬಿ ಪರಂಪರೆಯ ಸಂಘವೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆ ಸೇರಿ ಅವುಗಳನ್ನು ಡಿಜಿಟಲ್ ಮಾಡಿ 2021ರಿಂದ ಜನರ ಮುಂದಿಟ್ಟಿತು. ಮೂರು ಲಕ್ಷ ಇಪ್ಪತ್ತು ಸಾವಿರ ಸೈನಿಕರ ಲೆಕ್ಕ ಅದು. ಮುತ್ತಜ್ಜನ ಹೆಸರನ್ನು ಅಪ್ಪನ ಹೆಸರು, ಊರು, ಪಡೆ ಸಮೇತ ಮೊದಲ ಸಲ ಓದಿದ ಮೊಮ್ಮಕ್ಕಳು ಎಷ್ಟೋ ಮಂದಿ.

ಮುಂಬಯಿ ಪ್ರಾಂತದಲ್ಲೂ ಹಳ್ಳಿಗಳ ಕೊಡುಗೆಗೆ ಕಲ್ಲು ನೆಟ್ಟಿದ್ದುಂಟು. ಸಾತಾರಾ ಜಿಲ್ಲೆಯ ಅಪಶಿಂಗೆಯಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ 46 ಮಂದಿಯ ಸ್ಮಾರಕ ಇಂದಿಗೂ ಊರಿನ ಹೆಮ್ಮೆ.

ಹಾಗಾದರೆ ರೋಣ, ನರಗುಂದ, ಗಜೇಂದ್ರಗಡದಲ್ಲಿ ಏನು ಮಾಡಬಹುದು? ಕೋಟ್ಯಂತರ ರೂಪಾಯಿಯ ಕಟ್ಟಡವಾಗಲಿ ಹಳೆಯ ಟ್ಯಾಂಕಾಗಲಿ ಮೊದಲು ಬೇಡ. ಸಾಮಗ್ರಿ ಮನೆಮನೆಯ ಟ್ರಂಕಿನಲ್ಲಿದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ನಂಬರು, ಪಡೆ, ಭರ್ತಿಯಾದ ತಾರೀಖು, ಸೇವೆಯ ಅವಧಿ ಎಲ್ಲ ಇರುತ್ತದೆ. ಅದೊಂದೇ ಕಥೆಯ ಬೆನ್ನೆಲುಬು. 56 ಎಪಿಒ, 99 ಎಪಿಒ ವಿಳಾಸದ ಇನ್‌ಲ್ಯಾಂಡ್ ಪತ್ರಗಳಲ್ಲಿ ಊರ ಹೆಸರು ಇರುವುದಿಲ್ಲ, ಪಡೆಯ ಜಾಗ ಗುಟ್ಟಾಗಿರಬೇಕಲ್ಲ. ಆದರೆ ಅಂಚೆಯ ಮುದ್ರೆಯ ತಾರೀಖು ಮತ್ತು ಪಡೆಯ ಹೆಸರು ಹೊಂದಿಸಿದರೆ ಬರೆದವನು ಎಲ್ಲಿದ್ದ ಎಂದು ತಿಳಿಯಬಹುದು. ಹಾಗಾಗಿ ಪತ್ರದ ಜೊತೆ ಅದರ ಹೊರಮೈಯನ್ನೂ ಬಿಡದೆ ಫೋಟೊ ತೆಗೆಯಬೇಕು. ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು ಸಾಮಾನ್ಯವಾಗಿ ಕೆತ್ತಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನು ತನ್ನ ಸೈನಿಕರಿಗೆ ಹೆಸರಿಲ್ಲದ ಪದಕ ಕೊಟ್ಟಾಗಲೂ ಭಾರತೀಯರ ಪದಕಗಳ ಮೇಲೆ ಹೆಸರು ಬಂದಿತ್ತು. ಹಬ್ಬಕ್ಕೊಮ್ಮೆ ಹುಣಸೆಹಣ್ಣು, ಪಾಲಿಶ್ ಹಾಕಿ ತಿಕ್ಕಿದರೆ ಆ ಹೆಸರೇ ಸವೆದುಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಹಳೆಯ ಫೋಟೊಗಳನ್ನು ಗೋಂದು ಹಚ್ಚಿ ಅಂಟಿಸುವುದೂ, ಲ್ಯಾಮಿನೇಶನ್ ಮಾಡಿಸುವುದೂ ಬೇಡ. ಹಿಂದೆ ಪೆನ್ಸಿಲಿನಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಮೆಲ್ಲಗೆ ಬರೆದಿಟ್ಟರೆ ಮುಂದಿನವರಿಗೆ ಅದು ದೊಡ್ಡ ಉಪಕಾರ.

ಮಾತು ದಾಖಲಿಸುವಾಗ ಯುದ್ಧವನ್ನೇ ಮೊದಲು ಕೇಳಬಾರದು. ಭರ್ತಿಗೆ ಹೋದ ದಿನ ಮನೆಯಲ್ಲಿ ಯಾರು ಅತ್ತರು, ಹಿಂದಿ ಹೇಗೆ ಕಲಿತಿರಿ, ಮೊದಲ ಪಗಾರದಲ್ಲಿ ಏನು ತಂದಿರಿ, ರೊಟ್ಟಿ ಸಿಗದ ನಾಡಿನಲ್ಲಿ ಏನು ಉಂಡಿರಿ ಎಂದು ಶುರುಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಅವರ ಮಾತು ಅವರ ಧಾಟಿಯಲ್ಲೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದುವುದು ಬೇಡ. ಮನೆಯಾಕೆಯನ್ನೂ ಬೇರೆಯಾಗಿ ಕೂರಿಸಿ ಕೇಳಬೇಕು. ಗಂಡ ಗಡಿಯಲ್ಲಿದ್ದಾಗ ಹೊಲ, ಮಕ್ಕಳು, ಅತ್ತೆ-ಮಾವ ಎಲ್ಲವನ್ನೂ ಹೊತ್ತು ಟಪಾಲಿಗಾಗಿ ಕಾದವರು ಅವರು. ಸಾವಿರ ವರ್ಷದ ಹಿಂದೆ ಅಕ್ಕಾದೇವಿಯ ಹೆಸರು ಕೆತ್ತಿಸಿದ ಸೂಡಿಯ ಸೀಮೆಯಲ್ಲಿ ಈ ಹೆಣ್ಣುಮಕ್ಕಳ ಮಾತು ಬಿಟ್ಟುಹೋಗಬಾರದು. ಕೆಲವರು ಕೆಲವು ಸಂಗತಿ ಹೇಳಲೊಲ್ಲರು. ಸತ್ತ ಗೆಳೆಯನ ನೆನಪಾಗಿ ಮೌನವಾಗಬಹುದು, ಸೇನೆಯ ಗುಟ್ಟು ಎಂದು ತಡೆಯಬಹುದು. ಒತ್ತಾಯ ಬೇಡ. ಹೇಳಿದ್ದನ್ನು ಯಾರಿಗೆ ತೋರಿಸಬಹುದು ಎಂದು ಮೊದಲೇ ಕೇಳಿ ಬರೆಸಿಕೊಳ್ಳುವುದು ಗೌರವದ ಕೆಲಸ.

ಜಾಗದ ಮಾತು ಆಮೇಲೆ. ತಾಲ್ಲೂಕು ಗ್ರಂಥಾಲಯದ ಒಂದು ಕೋಣೆ, ಹಳೆಯ ಶಾಲೆಯ ಒಂದು ವರ್ಗ, ಕಾಲೇಜಿನ ಇತಿಹಾಸ ವಿಭಾಗದ ಒಂದು ಕಪಾಟು ಸಾಕು. ಊರ ಗುಡಿಗಳ ಮುಂದೆ ಎಣ್ಣೆ, ಕುಂಕುಮದಲ್ಲಿ ಮುಳುಗಿ ಅಕ್ಷರ ಮಾಸುತ್ತಿರುವ ವೀರಗಲ್ಲುಗಳ ಫೋಟೊ, ಅಳತೆ, ಇರುವ ಜಾಗವೂ ಅದೇ ದಾಖಲೆಯಲ್ಲಿ ಸೇರಲಿ. ಕಲ್ಲನ್ನು ಕೀಳುವುದು ಬೇಡ, ಅದರ ನೆಲ ಅದಕ್ಕಿರಲಿ. ಸನ್ನಿಸೈಡ್ ಸರ್ಕಾರದ ಯೋಜನೆಯಾಗಿ ಹುಟ್ಟಲಿಲ್ಲ. ನಿವೃತ್ತರು ಹಟ ಹಿಡಿದದ್ದರಿಂದ ಹುಟ್ಟಿತು. ಈ ಮೂರು ತಾಲ್ಲೂಕುಗಳ ಮಾಜಿ ಸೈನಿಕರಿಗೂ ಆ ಹಟ ಸಾಧ್ಯ.

ಈ ಸಂಚಿಕೆಯನ್ನು ಕೈಗೆತ್ತಿಕೊಂಡ ಮನೆಯಲ್ಲಿ ಸೇನೆಯಿಂದ ಮರಳಿದವರು ಇದ್ದರೆ, ಬರುವ ಭಾನುವಾರ ಅವರ ಬಳಿ ಕುಳಿತು ಅರ್ಧ ತಾಸು ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆಯಿರಿ. ಒಂದು ಪ್ರತಿ ಮನೆಯಲ್ಲಿಟ್ಟು ಇನ್ನೊಂದನ್ನು ನಿಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೋ ಕಾಲೇಜಿಗೋ, ಹೆಸರು, ಊರು, ತಾರೀಖು ಬರೆದು ಕೊಡಿ.